ಬಗ್ ಅನ್ನೋ ಪದ ಹುಟ್ಟಿದ್ದು ಸತ್ತ ಪತಂಗದಿಂದಲ್ಲ

ಪ್ರಶ್ನೆ: ಸಾಫ್ಟ್‌ವೇರ್‌ನಲ್ಲಿರೋ ತಪ್ಪಿಗೆ ಬಗ್ ಅಂತಾರಲ್ಲ, ಹಳೇ ಕಂಪ್ಯೂಟರ್ ಒಳಗೆ ನಿಜವಾಗಿ ಒಂದು ಹುಳ ಸಿಕ್ಕಿಹಾಕಿಕೊಂಡಿತ್ತಂತೆ, ಅದಕ್ಕೇ ಆ ಹೆಸರಂತೆ, ಹೌದಾ? ಕದ್ದು ಕೇಳೋ ಮೈಕಿಗೂ ಬಗ್ ಅಂತಾರೆ, ಜ್ವರ ತರೋ ಸೋಂಕಿಗೂ ಬಗ್ ಅಂತಾರೆ. ಇವೆಲ್ಲ ಒಂದೇ ಪದವಾ?

ಹುಳ ಸಿಕ್ಕಿದ್ದು ನಿಜ. ಹೆಸರು ಅದರಿಂದ ಬಂತು ಅನ್ನೋದು ಸುಳ್ಳು. ಇವೆಲ್ಲ ಒಂದೇ ಪದವಾ ಅಂದರೆ, ಹೆಚ್ಚುಕಮ್ಮಿ ಹೌದು, ಅದಕ್ಕೆ ಆಮೇಲೆ ಬರ್ತೀನಿ.

ಇಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಈ ಪತಂಗದ ಕಥೆಯನ್ನು ಎಷ್ಟು ಸಲ ಓಡಿಸಿದರೂ ಅದು ತಿರುಗಿ ಬಂದು ದೀಪದ ಸುತ್ತ ಹಾರುತ್ತಲೇ ಇರುತ್ತದೆ. ಕಂಪ್ಯೂಟರ್ ಪಾಠ ಹೇಳೋರೂ ಹೇಳ್ತಾರೆ, ಕ್ವಿಜ್‌ನಲ್ಲೂ ಕೇಳ್ತಾರೆ. ಹಾಗಾಗಿ ಈ ಸಲ ಪೂರ್ತಿ ಬಿಡಿಸಿ ಹೇಳಿಬಿಡ್ತೀನಿ.

ಮೊದಲು ನಡೆದದ್ದೇನು ಅಂತ ನೋಡೋಣ. 1947ರ ಸೆಪ್ಟೆಂಬರ್ 9. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ 2 ಅನ್ನೋ ದೊಡ್ಡ ಲೆಕ್ಕದ ಯಂತ್ರವನ್ನು ಪರೀಕ್ಷೆ ಮಾಡ್ತಿದ್ದರು. ಈಗಿನ ಹಾಗೆ ಅದರಲ್ಲಿ ಚಿಪ್ ಇರಲಿಲ್ಲ, ಸಾವಿರಾರು ರಿಲೇಗಳಿದ್ದವು. ರಿಲೇ ಅಂದರೆ ವಿದ್ಯುತ್ತಿನಿಂದ ನಡೆಯೋ ಸ್ವಿಚ್ಚು. ಸುರುಳಿಯಲ್ಲಿ ವಿದ್ಯುತ್ ಹರಿದರೆ ಅದು ಅಯಸ್ಕಾಂತವಾಗಿ ಒಂದು ಲೋಹದ ಪಟ್ಟಿಯನ್ನು ಟಕ್ ಅಂತ ಎಳೆಯುತ್ತದೆ, ಎರಡು ತುದಿ ಸೇರಿ ಸಂಪರ್ಕ ಆಗುತ್ತದೆ. ಆ ಎರಡು ತುದಿಗಳ ನಡುವೆ ಒಂದು ಪತಂಗ ಸಿಕ್ಕಿಕೊಂಡರೆ? ಸಂಪರ್ಕ ಆಗಲ್ಲ, ಲೆಕ್ಕ ತಪ್ಪುತ್ತದೆ. ಆವತ್ತು ಆಗಿದ್ದು ಅಷ್ಟೇ.

ಅವತ್ತಿನ ದಿನಚರಿ ಪುಟ ಇವತ್ತಿಗೂ ಇದೆ. ಸ್ಮಿತ್‌ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಗೆರೆ ಹಾಕಿದ ಹಾಳೆ, ಎಡಗಡೆ ಗಂಟೆ, ಬಲಗಡೆ ಕೈಬರಹ. ಮಧ್ಯಾಹ್ನ 3:25ಕ್ಕೆ ಕೂಡುವ ಭಾಗದ ಪರೀಕ್ಷೆ ಶುರು ಅಂತಿದೆ. 3:45ಕ್ಕೆ ಎಫ್ ಪ್ಯಾನೆಲ್‌ನ 70ನೇ ರಿಲೇಯಲ್ಲಿ ಪತಂಗ ಅಂತಿದೆ. ಅಲ್ಲೇ ಆ ಪತಂಗವನ್ನು ಪಾರದರ್ಶಕ ಟೇಪ್ ಹಾಕಿ ಹಾಳೆಗೆ ಅಂಟಿಸಿದ್ದಾರೆ, ಕೆಳಗೆ ಒಂದು ಸಾಲು: "ಬಗ್ ನಿಜವಾಗಿ ಸಿಕ್ಕ ಮೊದಲ ಪ್ರಸಂಗ." 4:30ಕ್ಕೆ ಮತ್ತೆ ಕೆಲಸ ಶುರು, 5 ಗಂಟೆಗೆ ಬಂದ್. ಸರ್ಕಾರಿ ಕಚೇರಿಯ ಹಾಗೆ ಅಚ್ಚುಕಟ್ಟು.

ಆ ಸಾಲನ್ನು ಇನ್ನೊಂದು ಸಲ ಓದಿ. "ನಿಜವಾಗಿ" ಅನ್ನೋ ಮಾತು ಅಲ್ಲಿ ಯಾಕಿದೆ?

ಯಾರಾದರೂ ಬೇಕಂತಲೇ ಗೊಂದಲ ಮಾಡಿದರೆ ನಾವು "ತಲೆಗೆ ಹುಳ ಬಿಟ್ಟ" ಅಂತೀವಿ ಅಲ್ವಾ? ಒಂದು ದಿನ ಮರದ ಕೆಳಗೆ ನಿಂತಾಗ ತಲೆ ಮೇಲೆ ಪಟ್ ಅಂತ ಒಂದು ಹುಳ ಬಿತ್ತು ಅಂದುಕೊಳ್ಳಿ. ಪಕ್ಕದಲ್ಲಿದ್ದವನು "ಇವತ್ತು ನಿಜವಾಗ್ಲೂ ತಲೆಗೆ ಹುಳ ಬಿತ್ತು ನೋಡಪ್ಪಾ" ಅಂತ ನಗುತ್ತಾನೆ. ಆ ತಮಾಷೆ ಅರ್ಥ ಆಗಬೇಕಾದರೆ ತಲೆಗೆ ಹುಳ ಬಿಡೋ ಮಾತು ಮೊದಲೇ ಬಳಕೆಯಲ್ಲಿರಬೇಕು. ಇಲ್ಲೂ ಹಾಗೇ. ಯಂತ್ರದ ತೊಂದರೆಗೆ ಬಗ್ ಅಂತ ಅನ್ನೋದು ಅವರಿಗೆಲ್ಲ ಬಾಯಿಪಾಠ ಆಗಿತ್ತು, ಆವತ್ತು ನಿಜವಾದ ಹುಳವೇ ಸಿಕ್ಕಿತು, ನಕ್ಕರು, ಅಂಟಿಸಿದರು. ಕಥೆಗೆ ಸಾಕ್ಷಿ ಅಂತ ಎಲ್ಲರೂ ತೋರಿಸೋ ಹಾಳೆಯೇ ಕಥೆ ಸುಳ್ಳು ಅಂತ ಹೇಳುತ್ತಿದೆ. ಇದನ್ನು ನಾನು ಎಷ್ಟು ಜನಕ್ಕೆ ತೋರಿಸಿದ್ದೀನೋ! ಎಲ್ಲರೂ ತಲೆಯಾಡಿಸುತ್ತಾರೆ, ಮುಂದಿನ ವಾರ ಅದೇ ಕಥೆ ಇನ್ನೊಬ್ಬರಿಗೆ ಹೇಳುತ್ತಾರೆ.

ಇಷ್ಟಕ್ಕೂ ಒಪ್ಪದವರಿಗೆ ಎಡಿಸನ್ ಇದ್ದಾನೆ. ಹೌದು, ಬಲ್ಬಿನ ಎಡಿಸನ್ನೇ. 1878ರ ಮಾರ್ಚ್‌ನಲ್ಲಿ ವೆಸ್ಟರ್ನ್ ಯೂನಿಯನ್ ಟೆಲಿಗ್ರಾಫ್ ಕಂಪನಿಯ ಅಧ್ಯಕ್ಷ ವಿಲಿಯಂ ಆರ್ಟನ್‌ಗೆ ಬರೆದ ಪತ್ರದಲ್ಲಿ, ನನ್ನ ಉಪಕರಣದಲ್ಲಿ ಒಂದು ಬಗ್ ಸಿಕ್ಕಿದ್ದು ನಿಜ, ಆದರೆ ಅದು ಇದ್ದಿದ್ದು ಟೆಲಿಫೋನಿನ ಮುಖ್ಯ ಭಾಗದಲ್ಲಲ್ಲ ಅಂತಾನೆ. ಮುಂದೆ ಅದಕ್ಕೊಂದು ಲ್ಯಾಟಿನ್ ಥರದ ಹುಳದ ಹೆಸರನ್ನೂ ಕಟ್ಟುತ್ತಾನೆ: ಕಾಲ್‌ಬೆಲ್ಲಮ್! ಟೆಲಿಫೋನಿನ ಕರೆಗಂಟೆಯಲ್ಲಿ ವಾಸ ಮಾಡೋ ಕೀಟವಂತೆ. ಅಂದರೆ ತಪ್ಪನ್ನು ಹುಳ ಅಂತ ಕರೆದು ತಮಾಷೆ ಮಾಡೋದು ಆ ಪತಂಗಕ್ಕಿಂತ 69 ವರ್ಷ ಹಳೇದು. ಅದೇ ವರ್ಷ ನವೆಂಬರ್‌ನಲ್ಲಿ ಯುರೋಪಿನಲ್ಲಿ ತನ್ನ ಪ್ರತಿನಿಧಿಯಾಗಿದ್ದ ಥಿಯೋಡೋರ್ ಪುಷ್ಕಾಶ್‌ಗೆ ಬರೆದ ಇನ್ನೊಂದು ಪತ್ರದಲ್ಲಿ, ಸಣ್ಣಪುಟ್ಟ ದೋಷಗಳಿಗೆ ಬಗ್ ಅಂತ ಕರೆಯುತ್ತಾರೆ, ಹೊಸ ಯಂತ್ರ ಗೆಲ್ಲುತ್ತೋ ಸೋಲುತ್ತೋ ಗೊತ್ತಾಗೋ ಹೊತ್ತಿಗೆ ಅವುಗಳ ಜೊತೆ ತಿಂಗಳುಗಟ್ಟಲೆ ಒದ್ದಾಡಬೇಕು ಅನ್ನೋ ಅರ್ಥದಲ್ಲಿ ಬರೆದಿದ್ದಾನೆ. "ಕರೆಯುತ್ತಾರೆ" ಅಂದಿದ್ದಾನೆ, ನಾನು ಕರೆಯುತ್ತೇನೆ ಅಂದಿಲ್ಲ. ಆಗಲೇ ನಾಲ್ಕು ಜನರ ಬಾಯಲ್ಲಿದ್ದ ಮಾತು ಅದು.

1889ರಲ್ಲಿ ಲಂಡನ್ನಿನ ಪಾಲ್ ಮಾಲ್ ಗೆಜೆಟ್ ಪತ್ರಿಕೆ ಇನ್ನೂ ಸ್ಪಷ್ಟವಾಗಿ ಬರೆಯಿತು. ಎಡಿಸನ್ ಎರಡು ರಾತ್ರಿ ನಿದ್ದೆಗೆಟ್ಟು ತನ್ನ ಫೋನೋಗ್ರಾಫ್‌ನಲ್ಲಿ "ಬಗ್" ಹುಡುಕುತ್ತಿದ್ದನಂತೆ, ಅಂದರೆ ಯಾವುದೋ ಕಾಲ್ಪನಿಕ ಕೀಟ ಯಂತ್ರದೊಳಗೆ ಅಡಗಿ ಕೂತು ತೊಂದರೆ ಕೊಡ್ತಿದೆ ಅನ್ನೋ ಅರ್ಥದ ಮಾತು ಅಂತ ಓದುಗರಿಗೆ ವಿವರಿಸಿತು. ಕಾಲ್ಪನಿಕ ಕೀಟ! ಪೂರ್ತಿ ಉತ್ತರ ಅಲ್ಲೇ ಇದೆ, ಕಂಪ್ಯೂಟರ್ ಅನ್ನೋದೇ ಇಲ್ಲದ ಕಾಲದಲ್ಲಿ.

ಹಾಗಾದರೆ ಬಗ್ ಹುಡುಕಿ ತೆಗೆಯೋದಕ್ಕೆ ಇರೋ ಡೀಬಗ್ ಅನ್ನೋ ಪದವಾದರೂ ಪತಂಗದ್ದಾ? ಅದೂ ಅಲ್ಲ. 1945ರಲ್ಲೇ ಬ್ರಿಟನ್ನಿನ ಒಂದು ವಿಮಾನ ತಂತ್ರಜ್ಞಾನದ ಪತ್ರಿಕೆಯಲ್ಲಿ ವಿಮಾನದ ಎಂಜಿನ್ ಪರೀಕ್ಷೆಯ ಬಗ್ಗೆ ಬರೆಯುವಾಗ ಆ ಪದ ಬಳಸಿದ್ದಾರೆ.

ಈ ಕಥೆಗೆ ಗ್ರೇಸ್ ಹಾಪರ್ ಹೆಸರು ಅಂಟಿಕೊಂಡಿದ್ದು ಹೇಗೆ ಅಂತಲೂ ಹೇಳಬೇಕು. ಅವರು ಮಾರ್ಕ್ 2 ತಂಡದಲ್ಲಿದ್ದರು, ಮುಂದೆ ಕೋಬಾಲ್ ಅನ್ನೋ ಕಂಪ್ಯೂಟರ್ ಭಾಷೆಯ ಹಿಂದಿನ ದೊಡ್ಡ ಶಕ್ತಿಯಾದರು, 1986ರಲ್ಲಿ ನೌಕಾಪಡೆಯಿಂದ ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದರು. ಭಾಷಣ ಮಾಡೋದರಲ್ಲಿ ಎತ್ತಿದ ಕೈ. ಪತಂಗದ ಪ್ರಸಂಗವನ್ನು ಅವರು ಹೋದಲ್ಲೆಲ್ಲ ಹೇಳುತ್ತಿದ್ದರು, ಅಷ್ಟು ಚೆನ್ನಾಗಿ ಹೇಳುತ್ತಿದ್ದರು ಅಂದರೆ ಕೇಳಿದವರು ಅವರೇ ಹುಳ ಹಿಡಿದರು, ಅವರೇ ಪದ ಹುಟ್ಟಿಸಿದರು ಅಂತ ತಿಳಿದುಕೊಂಡರು. ಹುಳ ಹಿಡಿದದ್ದು ಯಂತ್ರ ನಡೆಸುತ್ತಿದ್ದ ಬೇರೆ ಸಿಬ್ಬಂದಿ. ಹಲವು ಕಡೆ ಇಸವಿಯನ್ನೂ 1945 ಅಂತ ತಪ್ಪಾಗಿ ಹಾಕಿರುತ್ತಾರೆ. ಆ ಹಾಳೆಯ ಮೇಲೆ ಬರೀ 9/9 ಅಂತಿದೆ, ಇಸವಿ ಬರೆದಿಲ್ಲ, ಗೊಂದಲಕ್ಕೆ ಅದೂ ಒಂದು ಕಾರಣ ಇರಬಹುದು. ಹಾಪರ್ ಮಾಡಿದ ದೊಡ್ಡ ಕೆಲಸಗಳು ಬೇಕಾದಷ್ಟಿವೆ, ಈ ಹುಳವನ್ನು ಅವರ ತಲೆಗೆ ಕಟ್ಟೋ ಅಗತ್ಯ ಇಲ್ಲ.

ಇನ್ನೊಂದು ಮಜಾ. ಕೀಟಶಾಸ್ತ್ರದವರನ್ನು ಕೇಳಿದರೆ ಆ "ನಿಜವಾದ ಬಗ್" ಕೂಡ ನಿಜವಾದ ಬಗ್ ಅಲ್ಲ. ಅವರ ಲೆಕ್ಕದಲ್ಲಿ ಬಗ್ ಅಂದರೆ ಹೆಮಿಪ್ಟೆರಾ ಗುಂಪಿನವು ಮಾತ್ರ, ಸೂಜಿಯಂಥ ಬಾಯಿ ಚುಚ್ಚಿ ರಸವನ್ನೋ ರಕ್ತವನ್ನೋ ಹೀರೋ ಜಾತಿ. ತಿಗಣೆ ಬಗ್. ಗಿಡಹೇನು ಬಗ್. ಜೀರುಂಡೆ (ಬೀಟಲ್) ಬೇರೆ, ಪತಂಗ ಬೇರೆ, ಪತಂಗ ಇರೋದು ಚಿಟ್ಟೆಗಳ ಗುಂಪಲ್ಲಿ. ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆ ಇರೋ ಲೇಡಿಬಗ್ ಕೂಡ ಬಗ್ ಅಲ್ಲ, ಅದೂ ಒಂದು ಜೀರುಂಡೆ. ಅಲ್ಲಿರೋ ಲೇಡಿ ಯೇಸುವಿನ ತಾಯಿ ಮೇರಿ.

ಈಗ ಎರಡನೇ ಪ್ರಶ್ನೆ. ನಿಜ ಹೇಳಬೇಕಂದರೆ ನನಗೆ ಇದೇ ಜಾಸ್ತಿ ಇಷ್ಟ. ಬಗ್ ಅನ್ನೋ ಪದಕ್ಕೆ ಇಂಗ್ಲಿಷಿನಲ್ಲಿ ಮೊದಲು ಇದ್ದ ಅರ್ಥ ಹುಳ ಅಲ್ಲವೇ ಅಲ್ಲ. ಗುಮ್ಮ! ಊಟ ಮಾಡದ ಮಗುವಿಗೆ "ಗುಮ್ಮ ಬರ್ತಾನೆ ನೋಡು" ಅಂತ ಹೆದರಿಸ್ತೀವಲ್ಲ, ಆ ಗುಮ್ಮ. ಬೆರ್ಚಪ್ಪನಿಗೂ ಅದೇ ಪದ ಇತ್ತು. 1535ರ ಕವರ್‌ಡೇಲ್ ಬೈಬಲ್‌ನಲ್ಲಿ 91ನೇ ಕೀರ್ತನೆ ರಾತ್ರಿಯ ಬಗ್‌ಗಳಿಗೆ ನೀನು ಹೆದರಬೇಕಿಲ್ಲ ಅನ್ನುತ್ತದೆ. ಇವತ್ತು ಓದಿದವರಿಗೆ ದೇವರು ತಿಗಣೆಯಿಂದ ಕಾಪಾಡುತ್ತಾನೆ ಅಂತ ಕಾಣುತ್ತದೆ, ಹಾಗಾಗಿ ಅದಕ್ಕೆ ಬಗ್ ಬೈಬಲ್ ಅಂತ ಅಡ್ಡಹೆಸರು. ಬರೆದವನ ಮನಸ್ಸಲ್ಲಿದ್ದದ್ದು ಕತ್ತಲಲ್ಲಿ ಹೆದರಿಸೋ ದೆವ್ವ. 1611ರ ಕಿಂಗ್ ಜೇಮ್ಸ್ ಅನುವಾದದಲ್ಲಿ ಅದೇ ಜಾಗದಲ್ಲಿ ಭಯ ಅನ್ನೋ ಪದ ಬಂತು. ಶೇಕ್ಸ್‌ಪಿಯರ್‌ನ ಹ್ಯಾಮ್ಲೆಟ್‌ನಲ್ಲಿ ಬಗ್‌ಗಳು ದೆವ್ವಗಳ ಪಕ್ಕದಲ್ಲೇ ನಿಂತಿವೆ.

ಹುಳ ಅನ್ನೋ ಅರ್ಥ ಕಾಣಿಸಿಕೊಳ್ಳೋದು 1600ರ ನಂತರ. ಗುಮ್ಮನೇ ಹುಳ ಆದನೋ, ಜೀರುಂಡೆಗೆ ಇದ್ದ ಇನ್ನೊಂದು ಹಳೇ ಪದ ಬಂದು ಸೇರಿಕೊಂಡಿತೋ, ಪಂಡಿತರು ಇನ್ನೂ ಜಗಳ ಆಡ್ತಿದ್ದಾರೆ. ಆಮೇಲಿನ ದಾರಿ ಸಲೀಸು. ಕಣ್ಣಿಗೆ ಕಾಣದೆ ಮೈಯೊಳಗೆ ಹೊಕ್ಕಿದ್ದು ಜ್ವರದ ಬಗ್, ಗೋಡೆಯೊಳಗೆ ಅಡಗಿ ಕೂತಿದ್ದು ಮೈಕಿನ ಬಗ್, ಕಿವಿ ಹತ್ತಿರ ಗುಂಯ್‌ಗುಟ್ಟೋ ಹುಳದ ಹಾಗೆ ಪೀಡಿಸಿದರೆ ಅದೂ ಬಗ್ ಮಾಡೋದು. ಹುಚ್ಚು ಹತ್ತಿದರೂ ಬಗ್ಗೇ, ಪ್ರವಾಸದ ಬಗ್ ಕಚ್ಚಿದೆ ಅಂತಾರಲ್ಲ. ಎಲ್ಲದರಲ್ಲೂ ಇರೋದು ಸಣ್ಣ ಹುಳ, ಬಹಳ ಸಲ ಕಣ್ಣಿಗೆ ಬೀಳದ ಹುಳ.

ಗುಮ್ಮನ ಮನೆತನ ಮಾತ್ರ ಬೇರೆ ದಾರಿ ಹಿಡಿದು ಬೆಳೆಯಿತು. ಬಗ್‌ಬೇರ್, ಬೋಗಿಮ್ಯಾನ್ ಅನ್ನೋ ಗುಮ್ಮನ ಹೆಸರುಗಳೆಲ್ಲ ಆ ಮನೆಯವೇ ಇರಬೇಕು ಅಂತ ನಿಘಂಟುಗಳು ಹೇಳುತ್ತವೆ. ತಲೆ ತಿರುಗಿಸೋ ವಿಷಯಕ್ಕೆ ಮೈಂಡ್ ಬಾಗ್ಲಿಂಗ್ ಅಂತಾರಲ್ಲ, ಆ ಬಾಗಲ್ ಕೂಡ ಮೊದಲು ದೆವ್ವ ಕಂಡ ಕುದುರೆ ಬೆಚ್ಚಿಬೀಳೋದಕ್ಕೆ ಇದ್ದ ಮಾತು. ಗಾಲ್ಫ್‌ನಲ್ಲಿ ಬೋಗಿ ಅಂತಾರೆ, ಅದೂ ಈ ಗುಮ್ಮನೇ. 1890ರ ದಶಕದ ಇಂಗ್ಲೆಂಡಿನಲ್ಲಿ ಪ್ರತಿ ಗುಳಿಗೂ ಇಷ್ಟೇ ಹೊಡೆತ ಅಂತ ಒಂದು ಲೆಕ್ಕ ಗೊತ್ತುಮಾಡಿ, ಆಟಗಾರರು ಆ ಲೆಕ್ಕದ ವಿರುದ್ಧ ಆಡತೊಡಗಿದರು. ಎದುರಾಳಿ ಕಣ್ಣಿಗೆ ಕಾಣಲ್ಲ, ತಪ್ಪೇ ಮಾಡಲ್ಲ. ಗುಮ್ಮ ಅನ್ನದೆ ಇನ್ನೇನಂತಾರೆ? ಅಮೆರಿಕದವರು ಆಮೇಲೆ ಅದನ್ನು ಪಾರ್‌ಗಿಂತ, ಅಂದರೆ ಆ ಗುಳಿಗೆ ಗೊತ್ತುಮಾಡಿದ ಹೊಡೆತಗಳಿಗಿಂತ, ಒಂದು ಹೊಡೆತ ಜಾಸ್ತಿ ಅನ್ನೋ ಅರ್ಥಕ್ಕೆ ಇಳಿಸಿದರು.

ಮುಂದಿನ ಪ್ರಶ್ನೆ ಏನು ಬರುತ್ತೆ ಅಂತ ನನಗೆ ಗೊತ್ತು, ಯಾರೂ ಕೇಳೋಕೆ ಮುಂಚೆ ನಾನೇ ಹೇಳಿಬಿಡ್ತೀನಿ. ರೈಲಿನ ಬೋಗಿ ಈ ಮನೆತನದ್ದಲ್ಲ. ಉಚ್ಚಾರ ಒಂದೇ ಆದರೂ ಅದು ಉತ್ತರ ಇಂಗ್ಲೆಂಡಿನ ಆಡುಮಾತಿನಲ್ಲಿ ತಗ್ಗಾದ ಸರಕಿನ ಗಾಡಿಗೆ ಇದ್ದ ಹೆಸರು. ರೈಲಿನವರ ಭಾಷೆಯಲ್ಲಿ ಬೋಗಿ ಅಂದರೆ ಡಬ್ಬಿ ಅಲ್ಲ, ಡಬ್ಬಿಯ ಕೆಳಗೆ ಚಕ್ರ, ಅಚ್ಚು ಜೋಡಿಸಿರೋ ಚೌಕಟ್ಟು. ತಿರುವು ಬಂದಾಗ ಅದು ಹಳಿಯ ಜೊತೆ ತಿರುಗುತ್ತದೆ, ಉದ್ದನೆಯ ಡಬ್ಬಿ ಅದರ ಮೇಲೆ ನೆಮ್ಮದಿಯಾಗಿ ಕೂತಿರುತ್ತದೆ. ಸಾಮಾನ್ಯವಾಗಿ ಒಂದು ಡಬ್ಬಿಗೆ ಎರಡು ಬೋಗಿ. ನಾವು ಕನ್ನಡದಲ್ಲಿ ಇಡೀ ಡಬ್ಬಿಯನ್ನೇ ಬೋಗಿ ಅಂತೀವಿ. ಅದನ್ನು ತಿದ್ದೋಕೆ ನಾನು ಹೋಗಲ್ಲ, ಪ್ಲಾಟ್‌ಫಾರ್ಮಿನಲ್ಲಿ ಓಡುವಾಗ ನಾನೂ "ನಮ್ಮ ಬೋಗಿ ಎಲ್ಲಿ, ನಮ್ಮ ಬೋಗಿ ಎಲ್ಲಿ" ಅಂತಲೇ ಕೂಗೋದು.