200 ಡಾಲರ್ ಕಳಿಸಿದರೆ ತಲುಪುವುದೆಷ್ಟು?

ವಲಸೆ ಹೋದವರು ಮನೆಗೆ ಕಳಿಸುವ ಹಣದ ಮೇಲಿನ ಖರ್ಚು 2030ರೊಳಗೆ ಶೇ 3ಕ್ಕಿಂತ ಕೆಳಗಿಳಿಯಬೇಕು, ಯಾವ ಎರಡು ದೇಶಗಳ ನಡುವೆಯೂ ಅದು ಶೇ 5 ದಾಟಬಾರದು. ಇದು ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಸೇರಿದೆ, ಜಿ20 ಕೂಡ ಒಪ್ಪಿದೆ. ವಿಶ್ವಬ್ಯಾಂಕಿನ ಲೆಕ್ಕದ ಜಾಗತಿಕ ಸರಾಸರಿ ಮಾತ್ರ ಶೇ 6ರ ಆಸುಪಾಸಿನಲ್ಲೇ ನಿಂತಿದೆ. ಗುರಿಯ ಬಗ್ಗೆ ತಕರಾರಿಲ್ಲ. ಅದನ್ನು ಅಳೆಯುವುದು ಹೇಗೆ, ಪಾವತಿ ಜಾಲದೊಳಗೆ ಯಾರಿಗೆ ಪ್ರವೇಶ ಎನ್ನುವಲ್ಲಿ ಎಲ್ಲವೂ ಸಿಕ್ಕಿಕೊಳ್ಳುತ್ತದೆ. ಮುಕ್ತ ಹಣಕಾಸಿನ, ಅಂದರೆ ಪಾವತಿ ಜಾಲ ಎಲ್ಲರಿಗೂ ತೆರೆದಿರಬೇಕು ಎಂಬುದರ ಪರ ವಾದಿಸುವವರು ಹಿಡಿಯಬೇಕಾದ ಜಾಗವೂ ಅದೇ.

ಒಂದು ಲೆಕ್ಕ ಹಾಕಿ ನೋಡೋಣ. 200 ಡಾಲರ್ ಕಳಿಸಲು ಶುಲ್ಕ 3 ಡಾಲರ್, ಅಂದರೆ ಶೇ 1.5. ಜಾಹೀರಾತಿನಲ್ಲಿ ಕಾಣುವುದು ಇಷ್ಟೇ. ಮಾರುಕಟ್ಟೆಯಲ್ಲಿ ಡಾಲರಿಗೆ ಸ್ಥಳೀಯ ಹಣದಲ್ಲಿ 100 ಇದ್ದರೆ ಕಂಪನಿ ಕೊಡುವ ದರ 96 ಎಂದಿಟ್ಟುಕೊಳ್ಳಿ. ಉಳಿದ 197 ಡಾಲರಿಗೆ ಕೈಸೇರುವುದು 18,912. ಸೇರಬೇಕಿದ್ದದ್ದು 20,000. ನಿಜವಾದ ಖರ್ಚು ಶೇ 5.4. ಹಾಗಾಗಿ ‘ಶುಲ್ಕ ಪಾರದರ್ಶಕವಾಗಿರಬೇಕು’ ಎಂಬ ಸಾಲು ಪಾವತಿ ನಿಯಮಗಳ ಕರಡಿನಲ್ಲಿದ್ದರೆ ಸಾಲದು. ‘ತಲುಪುವ ಮೊತ್ತವನ್ನು ಹಣ ಹೊರಡುವ ಮೊದಲೇ ತೋರಿಸಬೇಕು’ ಎಂದು ಬರೆಸಬೇಕು.

ತಾಂತ್ರಿಕವಾಗಿ ಇದು ಅಸಾಧ್ಯ ಎಂಬ ವಾದ ನಿಲ್ಲುವುದಿಲ್ಲ. 2017ರಲ್ಲಿ ಗೇಟ್ಸ್ ಫೌಂಡೇಶನ್ ಬಿಡುಗಡೆ ಮಾಡಿದ ಮೊಜಾಲೂಪ್ ಎಂಬ, ಪಾವತಿ ಜಾಲ ಕಟ್ಟುವ ಓಪನ್ ಸೋರ್ಸ್ ತಂತ್ರಾಂಶದಲ್ಲಿ ಪ್ರತಿ ಪಾವತಿಗೂ ಮೂರು ಹಂತಗಳಿವೆ: ಪಡೆಯುವವರ ಖಾತೆ ಎಲ್ಲಿದೆ ಎಂದು ಹುಡುಕುವುದು, ಶುಲ್ಕ ಮತ್ತು ಮೊತ್ತಕ್ಕೆ ಎರಡೂ ಕಡೆಯವರು ಒಪ್ಪುವುದು, ಆಮೇಲೆ ವರ್ಗಾವಣೆ. ಎರಡನೆಯ ಹಂತ ಮುಗಿಯದೆ ಹಣ ಕದಲುವುದಿಲ್ಲ.

ಆದರೆ ಕೋಡ್ ಮುಕ್ತವಾಗಿದ್ದ ಮಾತ್ರಕ್ಕೆ ಜಾಲ ಮುಕ್ತವಾಗದು. ಹಲವು ದೇಶಗಳಲ್ಲಿ ವಾಲೆಟ್ ಕಂಪನಿಗಳಿಗೆ ಕೇಂದ್ರ ಬ್ಯಾಂಕಿನಲ್ಲಿ ಖಾತೆ ತೆರೆಯುವ ಹಕ್ಕಿಲ್ಲ. ಯಾವುದಾದರೂ ಬ್ಯಾಂಕಿನ ಮೂಲಕವೇ ಲೆಕ್ಕ ಚುಕ್ತಾ ಮಾಡಬೇಕು, ಅಲ್ಲಿ ಮುಂಗಡ ಹಣ ಕೂಡಿಟ್ಟಿರಬೇಕು. ವಾರಾಂತ್ಯದಲ್ಲಿ ಚುಕ್ತಾ ವ್ಯವಸ್ಥೆ ಮುಚ್ಚಿರುವಾಗ ಮುಂಗಡ ಖಾಲಿಯಾದರೆ ಸೋಮವಾರದವರೆಗೆ ಪಾವತಿಗಳು ತಿರಸ್ಕೃತವಾಗುತ್ತವೆ. ಗ್ರಾಹಕರು ಬೈಯುವುದು ವಾಲೆಟ್ಟನ್ನು. ಆ ಬ್ಯಾಂಕೇ ಪ್ರತಿಸ್ಪರ್ಧಿಯೂ ಆಗಿದ್ದರೆ ಶುಲ್ಕ ಏರಿಸುವುದಕ್ಕೆ ನೆಪ ಬೇಕಿಲ್ಲ. ಬ್ಯಾಂಕ್ ಆಫ್ ಇಂಗ್ಲೆಂಡ್ 2017ರಲ್ಲೇ ಬ್ಯಾಂಕೇತರ ಪಾವತಿ ಸಂಸ್ಥೆಗಳಿಗೆ ನೇರ ಪ್ರವೇಶದ ದಾರಿ ತೆರೆಯಿತು. ಬ್ರೆಜಿಲ್ ಇನ್ನೊಂದು ದಿಕ್ಕಿನಿಂದ ಬಂತು: 2020ರ ಪಿಕ್ಸ್ ಎಂಬ ತಕ್ಷಣದ ಪಾವತಿ ವ್ಯವಸ್ಥೆಗೆ 5 ಲಕ್ಷಕ್ಕಿಂತ ಹೆಚ್ಚು ಸಕ್ರಿಯ ಖಾತೆಗಳುಳ್ಳ ಸಂಸ್ಥೆಗಳು ಸೇರುವುದನ್ನು ಕಡ್ಡಾಯ ಮಾಡಿತು. ದೊಡ್ಡವರು ಹೊರಗುಳಿದರೆ ಜಾಲಕ್ಕೆ ಅರ್ಥವಿಲ್ಲ ಎಂಬುದು ಅಲ್ಲಿನ ಕೇಂದ್ರ ಬ್ಯಾಂಕಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನು ಗುರುತಿನ ದಾಖಲೆ. ಅಕ್ರಮ ಹಣದ ಮೇಲೆ ಕಣ್ಣಿಡುವ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಎಟಿಎಫ್‌ಗೆ ಇರುವುದು 40 ಸದಸ್ಯರು, ಅದರ ಶಿಫಾರಸುಗಳನ್ನು ಪಾಲಿಸುವುದಾಗಿ ಒಪ್ಪಿದವು 200ಕ್ಕೂ ಹೆಚ್ಚು ದೇಶ-ಪ್ರದೇಶಗಳು. ದಂಡಕ್ಕೆ ಹೆದರುವ ಬ್ಯಾಂಕುಗಳು ನಿಯಮ ಕೇಳುವುದಕ್ಕಿಂತ ಹೆಚ್ಚು ದಾಖಲೆ ಕೇಳಿ ಬಡವರನ್ನು ಬಾಗಿಲಲ್ಲೇ ತಡೆಯುತ್ತವೆ. ಆ ಶಿಫಾರಸುಗಳಿಗೆ 2025ರ ಫೆಬ್ರವರಿಯಲ್ಲಿ ಆದ ತಿದ್ದುಪಡಿ ಅಪಾಯ ಕಡಿಮೆ ಇರುವಲ್ಲಿ ಸರಳ ತಪಾಸಣೆಗೆ ಅವಕಾಶ ಕೊಟ್ಟು, ಪ್ರೋತ್ಸಾಹಿಸಬೇಕು ಎನ್ನುತ್ತದೆ. ಸಣ್ಣ ಮಿತಿಯ ಖಾತೆಗೆ ಕಡಿಮೆ ದಾಖಲೆ ಸಾಕು ಎಂದು ವಾದಿಸುವವರಿಗೆ ಈಗ ಇದಕ್ಕಿಂತ ಗಟ್ಟಿಯಾದ ಆಧಾರ ಬೇಡ.

ವಾದಿಸುವುದಕ್ಕೂ ಒಂದು ಕ್ರಮವಿದೆ. ಸಾರ್ವಜನಿಕರ ಅಭಿಪ್ರಾಯ ಕೇಳಿ ಹೊರಡಿಸುವ ಸಮಾಲೋಚನಾ ಕರಡುಗಳಲ್ಲಿ ಸಾಮಾನ್ಯವಾಗಿ ಪ್ರಶ್ನೆಗಳಿಗೆ ಸಂಖ್ಯೆಗಳಿರುತ್ತವೆ, ಉತ್ತರವೂ ಅದೇ ಸಂಖ್ಯೆಗೆ ಹೋಗಬೇಕು. ‘ಒಳಗೊಳ್ಳುವಿಕೆ ಮುಖ್ಯ’ ಎಂದು ಎರಡು ಪುಟ ಬರೆದದ್ದನ್ನು ಕರಡು ತಿದ್ದುವವರು ಎಲ್ಲೂ ಸೇರಿಸಲಾರರು. ಯಾವ ಪ್ಯಾರಾ, ಈಗಿರುವ ವಾಕ್ಯ ಯಾವುದು, ಬದಲಿ ವಾಕ್ಯ ಯಾವುದು, ಬದಲಾವಣೆಯಿಂದ ಯಾರಿಗೆ ಎಷ್ಟು ಖರ್ಚು ಎಂದು ಬರೆದು ಕೊಡಬೇಕು. ಸಾರ್ವಜನಿಕ ಸಮಾಲೋಚನೆ ಶುರುವಾಗುವ ಹೊತ್ತಿಗೆ ಮುಖ್ಯ ತೀರ್ಮಾನಗಳು ಎಷ್ಟೋ ಸಲ ಆಗಿರುತ್ತವೆ. ಆದ್ದರಿಂದ ಜಿ20ರಂಥ ಕೂಟದ ಸದಸ್ಯ ದೇಶದ ಕೇಂದ್ರ ಬ್ಯಾಂಕ್ ಮತ್ತು ಹಣಕಾಸು ಸಚಿವಾಲಯದವರನ್ನು ಮೊದಲೇ ಕಾಣಬೇಕು. ಜಿ20 ಘೋಷಣೆಗೆ ಕಾನೂನಿನ ಬಲವಿಲ್ಲ. ಅದೇ ಬದಲಿ ವಾಕ್ಯವನ್ನು ಆಯಾ ದೇಶದ ನಿಯಮಾವಳಿಯ ಕರಡು ಬಂದಾಗ ಇನ್ನೊಮ್ಮೆ ಸಲ್ಲಿಸಬೇಕಾಗುತ್ತದೆ.