ಸೆಲರ್ಸ್ ತೀರಿಕೊಂಡ ಮೇಲೂ ಕ್ಲೂಸೋ ಬಂದಿದ್ದು ಹೇಗೆ?

ಪ್ರಶ್ನೆ: ‘ಪಿಂಕ್ ಪ್ಯಾಂಥರ್’ ಹಾಸ್ಯಚಿತ್ರ ಸರಣಿಯಲ್ಲಿ ಎಡವಟ್ಟು ಪತ್ತೇದಾರ ಕ್ಲೂಸೋ ಆಗಿದ್ದ ನಟ ಪೀಟರ್ ಸೆಲರ್ಸ್ ತೀರಿಕೊಂಡಿದ್ದು 1980ರಲ್ಲಿ. ಅದೇ ಸರಣಿಯ ‘ಟ್ರೇಲ್ ಆಫ್ ದ ಪಿಂಕ್ ಪ್ಯಾಂಥರ್’ ಬಂದಿದ್ದು 1982ರಲ್ಲಿ. ಆದರೂ ಅದರಲ್ಲಿ ಇನ್‌ಸ್ಪೆಕ್ಟರ್ ಕ್ಲೂಸೋ ಆಗಿ ಅವರೇ ಕಾಣ್ತಾರಲ್ಲ, ಡೂಪಾ?

ಮುಖ ಕಾಣುವ ಕಡೆಯೆಲ್ಲ ಸೆಲರ್ಸೇ. ಆದರೆ ಈ ಚಿತ್ರಕ್ಕೆ ಅಂತ ಅವರು ಒಂದು ದಿನವೂ ಕ್ಯಾಮೆರಾ ಮುಂದೆ ನಿಂತಿಲ್ಲ.

1976ರ ‘ದ ಪಿಂಕ್ ಪ್ಯಾಂಥರ್ ಸ್ಟ್ರೈಕ್ಸ್ ಅಗೇನ್’ಗೆ ನಿರ್ದೇಶಕ ಬ್ಲೇಕ್ ಎಡ್ವರ್ಡ್ಸ್ ಬೇಕಾದ್ದಕ್ಕಿಂತ ಜಾಸ್ತಿ ಶೂಟ್ ಮಾಡಿದ್ದರು. ಎಡಿಟಿಂಗ್‌ನಲ್ಲಿ ಕತ್ತರಿ ಬಿದ್ದ ಆ ದೃಶ್ಯಗಳನ್ನೇ ಹೊರಗೆ ತೆಗೆದು ಇದರ ಮೊದಲ ಭಾಗ ಕಟ್ಟಿದ್ದಾರೆ. ಕಾಲಿಗೆ ದಪ್ಪ ಪ್ಲಾಸ್ಟರ್ ಹಾಕಿಕೊಂಡು ವಿಮಾನದ ಟಾಯ್ಲೆಟ್‌ನಲ್ಲಿ ಕ್ಲೂಸೋ ಪಡುವ ಪಾಡು ಇದೆಯಲ್ಲ, ಅದು ಹಾಗೆ ಬಂದದ್ದು. ಇಷ್ಟು ಚೆನ್ನಾಗಿರೋದನ್ನ ಆಗ ಯಾಕೆ ಕತ್ತರಿಸಿದರೋ ಅನಿಸುತ್ತೆ.

ಸರಿ, ಆ ತುಣುಕುಗಳು ಮುಗಿದ ಮೇಲೆ? ಕ್ಲೂಸೋ ಹೊರಟ ವಿಮಾನವೇ ನಾಪತ್ತೆ! ನಟನಿಲ್ಲ, ಹಾಗಾಗಿ ಪಾತ್ರವನ್ನೇ ಕಾಣೆಮಾಡಿದರು. ಆಮೇಲೆ ಜೊಆನಾ ಲಮ್ಲಿ ಮಾಡಿರುವ ಟಿವಿ ವರದಿಗಾರ್ತಿ ಮೈಕ್ ಹಿಡಿದು ಕ್ಲೂಸೋನ ಮೇಲಧಿಕಾರಿ ಡ್ರೈಫಸ್, ಮನೆಯಾಳು ಕೇಟೊ, ಕ್ಲೂಸೋ ಅಪ್ಪ ಹೀಗೆ ಒಬ್ಬೊಬ್ಬರನ್ನೂ ಮಾತಾಡಿಸುತ್ತಾ ಹೋಗುತ್ತಾಳೆ, ನಡುನಡುವೆ ಹಳೇ ಚಿತ್ರಗಳ ತುಣುಕು ಬರುತ್ತವೆ. ಪತ್ತೇದಾರಿ ಕಥೆ ಅಲ್ಲಿಗೆ ನಿಂತುಹೋಗುತ್ತೆ. ‘ಪಿಂಕ್ ಪ್ಯಾಂಥರ್’ ಅನ್ನೋ ವಜ್ರ ಕದ್ದವರು ಯಾರು ಅನ್ನೋದು ಯಾರಿಗೂ ನೆನಪಿರಲ್ಲ. ನನಗೆ ಚಿತ್ರದ ಈ ಎರಡನೇ ಭಾಗ ಸಂತಾಪ ಸಭೆಯ ಹಾಗೆ ಕಂಡಿತು.

ಇದು ಸೆಲರ್ಸ್ ಮನೆಯವರಿಗೂ ಹಿಡಿಸಲಿಲ್ಲ. ಪತ್ನಿ ಲಿನ್ ಫ್ರೆಡೆರಿಕ್ ಮತ್ತು ಸೆಲರ್ಸ್ ಕಡೆಯವರು ಲಂಡನ್ ಕೋರ್ಟಿಗೆ ಹೋದರು. ಒಂದು ಚಿತ್ರಕ್ಕೆ ನಟಿಸಿ ಕೈಬಿಟ್ಟ ದೃಶ್ಯವನ್ನು ಒಪ್ಪಿಗೆ ಇಲ್ಲದೆ ಇನ್ನೊಂದು ಚಿತ್ರಕ್ಕೆ ಹಾಕಬಹುದಾ ಅನ್ನೋದೇ ಅಲ್ಲಿನ ತಕರಾರು. ಹಾಕುವಂತಿಲ್ಲ ಅಂತ ತೀರ್ಪು ಬಂತು, ಚಿತ್ರದ ಕಂಪನಿ ಯುನೈಟೆಡ್ ಆರ್ಟಿಸ್ಟ್ಸ್ 10 ಲಕ್ಷ ಡಾಲರ್‌ಗಿಂತ ಜಾಸ್ತಿ ಪರಿಹಾರ ಕೊಡಬೇಕಾಯಿತು. ಕಂಪನಿ ಮೇಲ್ಮನವಿ ಹಾಕಿದರೂ ಗೆಲ್ಲಲಿಲ್ಲ.

ನೋಡಬೇಕಾ ಅಂತ ಕೇಳಿದರೆ, ವಿಮಾನ ಕಾಣೆಯಾಗುವವರೆಗೆ ನೋಡಿ ಸಾಕು. ಸರಣಿಗೆ ಹೊಸಬರಾದರೆ ಇದರಿಂದ ಸುಮ್ನೆ ಶುರುಮಾಡಬೇಡಿ, 1964ರ ‘ಎ ಶಾಟ್ ಇನ್ ದ ಡಾರ್ಕ್’ ಹಾಕಿಕೊಳ್ಳಿ.

ಅಂದಹಾಗೆ ಕಾಣೆಯಾದ ಕ್ಲೂಸೋ 1983ರ ಮುಂದಿನ ಚಿತ್ರದಲ್ಲಿ ಸಿಗುತ್ತಾರೆ. ಪ್ಲಾಸ್ಟಿಕ್ ಸರ್ಜರಿ ಮಾಡಿಸಿಕೊಂಡಿದ್ದಾರಂತೆ, ಹಾಗಾಗಿ ನೋಡೋಕೆ ಥೇಟ್ ಜೇಮ್ಸ್ ಬಾಂಡ್ ನಟ ರೋಜರ್ ಮೂರ್!