ಬಿಸಿ ಮಾಡುವಾಗ ಅವಸರ ಬೇಡ

ಮಹಾಪಧಮನಿಯ ಆಪರೇಷನ್‌ಗೆ ಬೆಂಗಳೂರಿಗೆ ಹೊರಟ ದಾವಣಗೆರೆ ಕಡೆಯ ಕುಟುಂಬಗಳು ನನ್ನನ್ನು ಕೇಳುವುದು ಹೃದಯದ ಬಗ್ಗೆ ಅಲ್ಲ. ‘ಸರ್, ಅಪ್ಪಾಜಿ ಎದ್ದ ಮೇಲೆ ನಮ್ಮ ಗುರ್ತು ಹಿಡೀತಾರಾ?’ ಅರಿವಳಿಕೆ ವೈದ್ಯನಾದ ನನಗೂ ಇದೇ ಚಿಂತೆ.

ಹೃದಯದಿಂದ ಹೊರಟ ಈ ದೊಡ್ಡ ನಾಳ ಎದೆಯೊಳಗೆ ಕೊಡೆಯ ಹಿಡಿಯಂತೆ ಬಾಗುತ್ತದೆ. ತಲೆಗೆ ರಕ್ತ ಒಯ್ಯುವ ಕವಲುಗಳು ಹೊರಡುವುದು ಆ ಬಾಗಿನಿಂದಲೇ. ಅಲ್ಲೇ ಉಬ್ಬಿದ್ದರೆ, ಸೀಳಿದ್ದರೆ ಆ ಭಾಗ ತೆಗೆದು ಕೃತಕ ನಾಳ ಹೊಲಿಯಬೇಕು. ಅದಕ್ಕೆ ಸ್ವಲ್ಪ ಹೊತ್ತು ಮೈಯಲ್ಲಿ ರಕ್ತದ ಓಟ ನಿಲ್ಲಿಸಬೇಕಾಗುತ್ತದೆ. ಮಾಮೂಲಿ ಬಿಸಿಯಲ್ಲಿ ಮಿದುಳು ರಕ್ತವಿಲ್ಲದೆ ತಾಳುವುದು ನಾಲ್ಕೈದು ನಿಮಿಷ ಅಷ್ಟೇ.

ಅದಕ್ಕೇ ಮೈ ತಂಪು ಮಾಡುವುದು; ತಂಪಾದ ಮಿದುಳಿಗೆ ಆಮ್ಲಜನಕ ಕಡಿಮೆ ಸಾಕು. 1975ರಲ್ಲಿ ಅಮೆರಿಕದ ರಾಂಡಲ್ ಗ್ರೀಪ್ ಮತ್ತು ಸಂಗಡಿಗರು ಈ ದಾರಿ ತೋರಿಸಿದರು. ಆದರೆ 18–20 ಡಿಗ್ರಿಗೆ ಇಳಿಸಿದರೂ ಅರ್ಧ ಗಂಟೆ ದಾಟಿದರೆ ಅಪಾಯ ಜಾಸ್ತಿ. ಹಾಗಾಗಿ ಈಗ ಬಹಳ ಕಡೆ 24–28 ಡಿಗ್ರಿಗೆ ನಿಲ್ಲಿಸಿ, ಬಲಗಂಕುಳ ಬಳಿಯ ನಾಳದಿಂದ ಮಿದುಳಿಗೆ ಮಾತ್ರ ರಕ್ತ ಹರಿಸುತ್ತಾರೆ.

ಬಲಗಡೆಯಿಂದ ಕೊಟ್ಟರೆ ಎಡಗಡೆಗೆ ತಲುಪುತ್ತಾ? ಮಿದುಳಿನ ತಳದಲ್ಲಿ ಎರಡೂ ಕಡೆಯ ನಾಳಗಳನ್ನು ಕೂಡಿಸುವ ಉಂಗುರವಿದೆ. ಎಷ್ಟೋ ಜನರಲ್ಲಿ ಅದು ಪೂರ್ತಿ ಇರುವುದಿಲ್ಲ! ಮಿದುಳಿನ ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟಿದೆ ಎಂದು ತೋರಿಸಲು ಹಣೆಯ ಎರಡೂ ಕಡೆ ಅಂಟಿಸಿದ ಸೆನ್ಸರ್‌ಗಳನ್ನು ಕಣ್ಣು ಮಿಟುಕಿಸದೆ ನೋಡುವುದು ಅದಕ್ಕೇ. ಎಡಗಡೆ 65 ಇದ್ದದ್ದು 45ಕ್ಕೆ ಜಾರಿದರೆ ಸುಮ್ನೆ ಕೂರುವಂತಿಲ್ಲ. ಒತ್ತಡ ನೋಡಬೇಕು, ಪೈಪ್ ನೋಡಬೇಕು, ಬೇಕಾದರೆ ಎಡ ಕತ್ತಿನ ನಾಳಕ್ಕೂ ರಕ್ತ ಕೊಡಬೇಕು.

ನನ್ನ ಪ್ರಕಾರ ಜಾರಿಬೀಳುವುದು ಇದೆಲ್ಲ ಮುಗಿದ ಮೇಲೆ. ಹೊಲಿಗೆ ಆಯಿತು, ಎಲ್ಲರೂ ಸುಸ್ತು, ‘ಬೇಗ ಬಿಸಿ ಮಾಡ್ರಪ್ಪ’ ಅನ್ನಿಸುತ್ತದೆ. ಅಲ್ಲೇ ತಾಳ್ಮೆ ಬೇಕು. ಆಪರೇಷನ್ ವೇಳೆ ಹೃದಯ, ಶ್ವಾಸಕೋಶಗಳ ಕೆಲಸ ಮಾಡುವ ಮಷೀನ್‌ನಿಂದ ಬರುವ ರಕ್ತ ಮೈಗಿಂತ 10 ಡಿಗ್ರಿಗೂ ಹೆಚ್ಚು ಬಿಸಿ ಇರಬಾರದು, 37 ದಾಟಲೂಬಾರದು. ಅವಸರ ಮಾಡಿದರೆ ರಕ್ತದಲ್ಲಿ ಗಾಳಿಗುಳ್ಳೆ ಏಳಬಹುದು. ನೊಂದ ಮಿದುಳಿಗೆ ಜ್ವರದಂಥ ಬಿಸಿ ಇನ್ನೊಂದು ಪೆಟ್ಟು.

ಇಷ್ಟೆಲ್ಲ ಜಾಗ್ರತೆ ವಹಿಸಿದರೂ ನಾಳದ ಗೋಡೆಯ ಚೂರು ಸಿಡಿದು ಲಕ್ವ ಹೊಡೆಯುವ ಅಪಾಯ ಉಳಿದೇ ಇರುತ್ತದೆ. ಹಿಂದೆ ಬಾಯಿ ಸೊಟ್ಟಗಾಗಿದ್ದರೆ, ಕೈ ಜೋಮು ಹಿಡಿದು ತಾನೇ ಸರಿಹೋಗಿದ್ದರೆ ಮುಚ್ಚಿಡಬೇಡಿ. ಕತ್ತಿನ ನಾಳಗಳನ್ನು ಮೊದಲೇ ಸ್ಕ್ಯಾನ್ ಮಾಡಿಸುತ್ತೇವೆ. ಎದ್ದ ಮೇಲೆ ಎರಡು ದಿನ ಅಸಂಬದ್ಧ ಮಾತಾಡಿದರೆ ಗಾಬರಿಯಾಗದೆ ನರ್ಸ್‌ಗೆ ಹೇಳಿ. ಬಹಳ ಸಲ ಅದು ತಿಳಿಯಾಗುತ್ತದೆ. ಮಾತು ತೊದಲಿದರೆ, ಒಂದು ಕೈ ಎತ್ತಲಾಗದಿದ್ದರೆ ಮಾತ್ರ ಒಂದು ನಿಮಿಷವೂ ಕಾಯಬೇಡಿ.